ಕಡಲೆಗೆ ಹೊದಿಸಿದ ಸೀರೆ

"ನಾ ಹೊಲದ ಬದುವಿನ ಮ್ಯಾಲ ನಿಂತು ಒಂದು ಸಲ ಕೆಮ್ಮಿದೆ ಅಂದ್ರ, ಬಿಸಿಲು ಹೆದರಿ ತುರ್ವಿಹಾಳ ದಾಟಿ ಸಿಂಧನೂರಿನ ತನಕ ಓಡಿಹೋಗ್ತೈತಿ. ಅಲ್ಲಿ ಕಾಲುವಿ ನೀರಾಗ ಮುಳುಗಿ, ತಣ್ಣಗಾಗಿ, ಸಂಜಿಮುಂದ ಸಲಾಂ ಹೊಡಕೋತ ವಾಪಸ್ ಬರ್ತೈತಿ."

ಹೀಗೆ ಹೇಳಿದವನು ಶಾವಲಿ. ಹೇಳಿದ್ದು ಮಸ್ಕಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ, ಮಾರ್ಚ್ ತಿಂಗಳ ನಡು ಮಧ್ಯಾಹ್ನ. ಕಾಗೆಗಳು ಹಾರಿದರೆ ರೆಕ್ಕೆ ಸುಟ್ಟೀತೆಂದು ಗೋಡೆಯ ನೆರಳು ಹಿಡಿದು ನಡೆದೇ ಹೋಗುತ್ತಿದ್ದ ಹೊತ್ತು.

ಅಂಗಡಿಯ ಭೀಮೇಶ ಹಾಲಿನ ಪಾತ್ರೆಯಿಂದ ಕಣ್ಣೆತ್ತದೆ, "ಹಂಗಾದ್ರ ನಮ್ಮ ಅಂಗಡಿ ಮುಂದೂ ಒಂದೀಟು ಕೆಮ್ಮಿ ಹೋಗೋ ಮಾರಾಯಾ. ಮ್ಯಾಲಿನ ತಗಡು ರೊಟ್ಟಿ ಹಂಚು ಆಗೈತಿ" ಎಂದ.

ಬೆಂಚಿನ ಮೇಲಿದ್ದ ಇಬ್ಬರು ನಕ್ಕರು. ಅಷ್ಟರಲ್ಲಿ ಲಿಂಗಸುಗೂರಿನ ಬಸ್ಸು ಬಂತು. ಇಬ್ಬರೂ ಎದ್ದು ಓಡಿದರು. ಬಿಸಿಲು ವಾಪಸ್ ಬಂದು ಏನೇನು ಕ್ಷಮೆ ಕೇಳಿತು ಎಂಬ ಮುಂದಿನ ಭಾಗ ಶಾವಲಿಯ ಗಂಟಲಲ್ಲೇ ಉಳಿಯಿತು. ಭೀಮೇಶ ಫೋನಿನಲ್ಲಿ ಮುಳುಗಿದ್ದ. ಶಾವಲಿ ಖಾಲಿ ಗ್ಲಾಸನ್ನು ಇನ್ನೊಮ್ಮೆ ಕುಡಿದು ಕೆಳಗಿಟ್ಟ.

ಒಂದು ಕಾಲದಲ್ಲಿ ಅವನ ಗಂಟಲಿಗೆ ಕಿವಿ ಕೊಡದ ಊರೇ ಈ ಸುತ್ತಿನಲ್ಲಿ ಇರಲಿಲ್ಲ. ಸೈಕಲ್ ರಿಕ್ಷಾಕ್ಕೆ ಮೈಕು ಕಟ್ಟಿಕೊಂಡು, ಕನ್ನಡದಲ್ಲೊಮ್ಮೆ ದಖನಿಯಲ್ಲೊಮ್ಮೆ, ಸಿನಿಮಾ, ಸೀರೆ ಸೇಲು, ಕಳೆದುಹೋದ ಎಮ್ಮೆ, ಎಲ್ಲವನ್ನೂ ಸಾರುತ್ತಿದ್ದ. ಅವನು ಸಾರಿದ ಎಮ್ಮೆ ತನ್ನ ವರ್ಣನೆ ಕೇಳಿ ನಾಚಿ ತಾನಾಗಿಯೇ ಮನೆಗೆ ಬರುತ್ತಿತ್ತಂತೆ. ಈಗ ಆಟೋದವರು ಯಾರದೋ ದನಿಯನ್ನು ಫೋನಿನಲ್ಲಿ ತುಂಬಿಕೊಂಡು ದಿನವಿಡೀ ಅದನ್ನೇ ತಿರುಗಿಸುತ್ತಾರೆ. ಮೈಕು ಮೂಲೆ ಸೇರಿತು. ಅದಾದ ಮೇಲೂ ಮನೆಯಲ್ಲಿ ಕೇಳುವವಳೊಬ್ಬಳಿದ್ದಳು, ಹೆಂಡತಿ ಖಾಸಿಂಬೀ. ಅವನು ಬಾಯಿ ತೆರೆಯುವ ಮೊದಲೇ "ಝೂಟ್ ನಕ್ಕೋ ಬೋಲೋ ಜೀ", ಸುಳ್ಳು ಹೇಳಬೇಡಿ, ಎನ್ನುತ್ತಿದ್ದಳು. ಅನ್ನುತ್ತಲೇ ಪೂರ್ತಿ ಕೇಳುತ್ತಿದ್ದಳು. ಹೋದ ವರ್ಷದ ಹಿಂದಿನ ವರ್ಷ ಅವಳೂ ತೀರಿಕೊಂಡಳು. ಶಾವಲಿ ಮಸ್ಕಿಯ ಹೊರಗಿನ ಕಡಲೆ ಹೊಲವೊಂದನ್ನು ಕಾಯುವ ಕೆಲಸಕ್ಕೆ ಸೇರಿ, ಅಲ್ಲಿಯ ತಗಡಿನ ಶೆಡ್ಡಿಗೇ ಹಾಸಿಗೆ ಒಯ್ದ.

ಅದು ಸಾದಾ ಹೊಲವಲ್ಲ. ಲೋಕವೆಲ್ಲ ಹಿಂಗಾರಿಗೆ ಕಡಲೆ ಬಿತ್ತಿ, ಚಳಿಯಲ್ಲಿ ಬೆಳೆಸಿ, ಬಿಸಿಲು ಏರುವುದರೊಳಗೆ ಕಿತ್ತುಕೊಂಡು ಮನೆಗೆ ಹೋಗುತ್ತದೆ. ಇಲ್ಲಿ ಸಂಕ್ರಾಂತಿ ಕಳೆದ ಮೇಲೆ ಬೇಕೆಂತಲೇ ತಡಮಾಡಿ ಬಿತ್ತಿದ್ದರು, ಹೂವಿನ ಹೊತ್ತಿಗೆ ಸರಿಯಾಗಿ ಮಾರ್ಚಿನ ಬಿಸಿಲು ಬಂದು ಬಡಿಯಲಿ ಎಂದು. ನೂರಾರು ಸಾಲು, ಶಾವಲಿ ತಿಳಿದಂತೆ ಸಾಲಿಗೊಂದು ತಳಿ, ಸಾಲಿನ ತಲೆಗೆ ನಂಬರಿನ ಗೂಟ. ಯಾವ ತಳಿ ಬಿಸಿಲನ್ನು ತಾಳುತ್ತದೆ ಎಂದು ನೋಡುವ ಪರೀಕ್ಷೆ. ನೋಡಲು ಪ್ರತಿ ಗುರುವಾರ ಲಿಂಗಸುಗೂರಿನಿಂದ ಬಸ್ಸಿಗೆ ಬರುತ್ತಿದ್ದವಳು ಸಂಶೋಧನೆಯ ಹುಡುಗಿ ನಂದಿನಿ.

ಬಂದವಳೇ "ದನ ಏನೂ ಹೊಕ್ಕಿಲ್ಲಲ್ರೀ ಕಾಕಾ?" ಎನ್ನುವಳು. ಶಾವಲಿ ಆ ಒಂದು ಪ್ರಶ್ನೆಗೆ ವಾರವಿಡೀ ಉತ್ತರ ಕಟ್ಟಿಟ್ಟಿರುತ್ತಿದ್ದ. ನಲವತ್ತು ಎಮ್ಮೆ, ಅವುಗಳ ಮುಂದಾಳಾಗಿ ಒಂದು ಚಿರತೆ, ಎದುರಿಗೆ ಒಬ್ಬನೇ ಶಾವಲಿ. ಎಮ್ಮೆಗಳು ಬದು ಹತ್ತುವುದರೊಳಗೆ ನಂದಿನಿ ಎಲೆಗಳಿಗೆ ಜ್ವರ ನೋಡುವ ಪಿಸ್ತೂಲು ಹಿಡಿಯುತ್ತ ಹೊಲದ ಆಚೆ ತುದಿಗೆ ಹೋಗಿರುತ್ತಿದ್ದಳು. ಮುಂದಿನ ಬಸ್ಸಿಗೆ ವಾಪಸ್. ಆ ಚಿರತೆಯೊಂದಿಗೆ ಶಾವಲಿ ಮತ್ತೆ ಗುರುವಾರದವರೆಗೆ ಒಬ್ಬನೇ ಇರಬೇಕು.

ಹೀಗಿರುವಾಗ ಸೀರೆಯ ಪ್ರಸಂಗ ನಡೆಯಿತು.

ಕಡಲೆ ಗಿಡಕ್ಕೆ ಮೈಯೆಲ್ಲ ಹುಳಿ. ಚಳಿಗಾಲದಲ್ಲಿ ಹೆಂಗಸರು ರಾತ್ರಿ ಗಿಡದ ಮೇಲೆ ತೆಳು ಬಟ್ಟೆ ಹಾಸಿ, ಇಬ್ಬನಿಯಲ್ಲಿ ನೆಂದ ಬಟ್ಟೆಯನ್ನು ಬೆಳಿಗ್ಗೆ ಹಿಂಡಿ, ಆ ಹುಳಿಯನ್ನು ಬಾಟಲಿಯಲ್ಲಿ ಇಟ್ಟುಕೊಳ್ಳುತ್ತಾರೆ. ಹೊಟ್ಟೆನೋವಿಗೆ ಮದ್ದು. ಖಾಸಿಂಬೀ ಹಿಂಡಿಟ್ಟ ಬಾಟಲಿ ಖಾಲಿಯಾಗಿತ್ತು. ಶಾವಲಿ ಅವಳ ಬಿಳಿ ಹತ್ತಿ ಸೀರೆ ತಂದ. ಈ ಕಾಲದಲ್ಲಿ ಇಬ್ಬನಿ ಎಲ್ಲಿ? ಬೆಳಿಗ್ಗೆ ಸೀರೆಯನ್ನೇ ಬಿಂದಿಗೆಯ ನೀರಲ್ಲಿ ಅದ್ದಿ, ಶೆಡ್ಡಿನ ಹತ್ತಿರದ ಸಾಲಿಗೆ ಹೊದಿಸಿದ. ಆಮೇಲೆ ಚಹಾಕ್ಕೆಂದು ಮಸ್ಕಿಗೆ ಹೋದವನು ಮಾತಿನ ಭರದಲ್ಲಿ ಮರೆತ. ನೆನಪಾದಾಗ ಇಳಿಬಿಸಿಲು. ಮಾರನೆಯ ದಿನವೂ ಹಾಗೇ ಆಯಿತು. ಆ ವಾರವೆಲ್ಲ ಹಾಗೇ.

ಅಕ್ಕಪಕ್ಕದ ಸಾಲುಗಳಲ್ಲಿ ಹೂ ಒಣಗಿ ಉದುರಿ ಬರೀ ತೊಟ್ಟು ಉಳಿದವು. ಸೀರೆಯ ಸಾಲು ಮಾತ್ರ ಸುಣ್ಣದ ಗೋಡೆಗೆ ಹಸಿರು ಬಳಿದಂತೆ ನಿಂತು ಕಾಯಿ ಕಟ್ಟಿತು.

ಆ ಗುರುವಾರ ನಂದಿನಿ ವಾಪಸ್ ಹೋಗುವ ಬಸ್ಸನ್ನೇ ಬಿಟ್ಟಳು. ಸಾಲಿನ ಮುಂದೆ ಮಂಡಿಯೂರಿ ಕುಳಿತಳು. ಒಂದೊಂದು ಕಾಯಿಯನ್ನೂ ಒತ್ತಿ ನೋಡಿ, ಕೂಸಿನ ಹಲ್ಲು ಕಂಡ ತಾಯಿಯಂತೆ ನಕ್ಕಳು. "ಕಾಕಾ, ಇಲ್ಲಿ ಬರ್ರಿ, ಇಲ್ಲಿ ನೋಡ್ರಿ!"

ಶೆಡ್ಡಿನ ನೆರಳಲ್ಲಿ ರೊಟ್ಟಿ ಗಂಟು ಬಿಚ್ಚಿದಳು, ಅರ್ಧ ಅವನ ಕೈಗಿಟ್ಟಳು, ಮಾತು ಶುರು ಮಾಡಿದಳು. "ಮೂವತ್ತೈದು ಡಿಗ್ರಿ ದಾಟಿದ್ರ ಕಡಲಿ ಹೂವಿನ ಪರಾಗ ಸಾಯ್ತೈತ್ರಿ. ಹೂ ಅರಳ್ತೈತಿ, ಕಾಯಿ ಆಗಂಗಿಲ್ಲ. ಆದ್ರ ಕೆಲವು ಗಿಡದ ಪರಾಗನ ಗಟ್ಟಿ. ಇನ್ನ ಕೆಲವು ಬೇರು ಆಳಕ್ಕ ಬಿಟ್ಟು ನೀರು ಎಳಕೊಂಡು ಎಲಿಯಿಂದ ಬೆವರ್ತಾವು. ಬೆವರಿ ಮೈ ತಣ್ಣಗ ಇಟ್ಕೋತಾವು. ಮತ್ತ ಕೆಲವು ಲಗೂನ ಹೂಬಿಟ್ಟು, ಬಿಸಿಲು ಏರೋದ್ರೊಳಗ ಕೆಲಸ ಮುಗಿಸ್ತಾವು."

"ಅಂದ್ರ ಒಂದು ಪೈಲ್ವಾನ, ಒಂದು ಬಾವಿ ತೋಡೋನು, ಇನ್ನೊಂದು ಪೊಲೀಸ್ ಬರೋದ್ರೊಳಗ ಗ್ವಾಡಿ ಹಾರೋ ಕಳ್ಳ" ಎಂದ ಶಾವಲಿ.

ನಂದಿನಿ ರೊಟ್ಟಿ ನೆತ್ತಿಗೇರುವಷ್ಟು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೌದ್ರೀ, ಅಗದಿ ಕರೆಕ್ಟ್! ಇದರ ಎಲಿ ಪಕ್ಕದ ಗಿಡದಷ್ಟೇ ಕಾದಾವು, ಅಂದ್ರ ಬೆವರೋ ಜಾತಿ ಅಲ್ಲ. ಹೂ ಬಿಟ್ಟದ್ದೂ ಎಲ್ಲಾರ ಸಂಗಾಟ. ಹಂಗಾದ್ರ ಇದು ನಿಮ್ಮ ಪೈಲ್ವಾನನ!"

ಎಲೆ ಕಾದಿದ್ದೇಕೆಂದರೆ, ಗುರುವಾರ ಅವಳ ಬಸ್ಸು ಬರುವ ಮೊದಲು, ಕಂಡರೆ ಬೈದಾಳೆಂದು, ಶಾವಲಿ ಸೀರೆ ತೆಗೆದು ಮಡಚಿಟ್ಟಿದ್ದ. ಹೇಳಿಬಿಡಬಹುದಿತ್ತು. ತುಟಿಯವರೆಗೂ ಬಂತು. ಆದರೆ ಅವಳು ಇನ್ನೊಂದು ರೊಟ್ಟಿ ಮುರಿದು, "ಅದೇನೋ ಎಮ್ಮಿ ಕತಿ ಹೇಳಾಕತ್ತಿದ್ರಲ್ಲ ಕಾಕಾ, ಚಿರತಿ ಏನಾತು ಕಡೀಕ?" ಎಂದಳು. ಚಿರತೆಗೆ ಬಾಲ ಇನ್ನೆರಡು ಮೊಳ ಬೆಳೆಯಿತು. ಸಂಜೆಯ ಬಸ್ಸಿನವರೆಗೂ ಅವಳು ಕುಳಿತೇ ಇದ್ದಳು.

ಅಂದಿನಿಂದ ಅದು ಮರೆವಲ್ಲ. ದಿನಾ ಬೆಳಿಗ್ಗೆ ಸೀರೆ ಅದ್ದುವನು, ಹೊದಿಸುವನು. ಒಣಗಿದರೆ ಮತ್ತೆ ಅದ್ದುವನು. ಚಹಾದಂಗಡಿಗೆ ಹೋಗುವುದೂ ಕಡಿಮೆಯಾಯಿತು. ಗುರುವಾರ ಮಾತ್ರ ಗಿಡ ಬರಿಮೈಯಲ್ಲಿ ನಿಂತಿರುತ್ತಿತ್ತು, ಶಾವಲಿ ಒಗೆದ ಅಂಗಿ ತೊಟ್ಟು ಪಕ್ಕದಲ್ಲಿ. ಉಳಿದ ದಿನಗಳಲ್ಲಿ ಹೊಲ ಎಷ್ಟು ನಿಶ್ಶಬ್ದವಾಗಿರುತ್ತಿತ್ತೆಂದರೆ, ಒಣಗಿದ ಹೂ ಉದುರಿದ್ದು ಮಸ್ಕಿಯ ಗುಡ್ಡದವರೆಗೆ ಕೇಳಿಸುತ್ತಿತ್ತು. ಅವನು ಸಾಲಿಗೇ ಒಂದಿಷ್ಟು ಮಾತಾಡುವನು. ಸೀರೆಯೊಳಗಿನ ಗಿಡಗಳು ಎದುರು ಮಾತಾಡುತ್ತಿರಲಿಲ್ಲ. ಝೂಟ್ ಎಂದೂ ಅನ್ನುತ್ತಿರಲಿಲ್ಲ.

ಏಪ್ರಿಲ್ ಮೊದಲ ವಾರ ನಂದಿನಿ ಹೇಳಿದಳು: "ಈ ಸಾಲಿನ ಬೀಜ ಬ್ಯಾರೆ ತಗದಿಡ್ತೀವಿ ಕಾಕಾ. ಗುರುಗುಂಟಾದಾಗ ನಮ್ಮಪ್ಪನ ಎರಿ ಹೊಲ ಐತಿ. ಬರೋ ವರ್ಷ ಮೊದಲು ಅಲ್ಲೇ ಬಿತ್ತೋದು. ನಮ್ಮಪ್ಪಗ ಹೇಳೇಬಿಟ್ಟೀನಿ."

ಶಾವಲಿ ಕೈಯಲ್ಲಿದ್ದ ರೊಟ್ಟಿಯನ್ನು ಮತ್ತೆ ಗಂಟಿಗೇ ಇಟ್ಟ. ಮುಂದಿನ ಗುರುವಾರ ಹೇಳೋಣ ಎಂದುಕೊಂಡ. ಸೀರೆಯನ್ನು ಮಾತ್ರ ಮರುದಿನವೂ ಅದ್ದಿದ.

ಮುಂದಿನ ಗುರುವಾರ ನಂದಿನಿ ಬಂದವಳು ಶೆಡ್ಡಿನ ಕಡೆ ಬರಲಿಲ್ಲ. ಹೊಲದ ಆಚೆ ಮೂಲೆಯಿಂದ ಕೈಮಾಡಿ ಕರೆದಳು.

"ಈ ಗೂಟದ ನಂಬರ್ ಓದ್ರಿ ಕಾಕಾ."

ಓದಿದ. ಸೀರೆ ಸಾಲಿನದೇ ನಂಬರು. ಗೂಟದ ಕೆಳಗೆ ಒಣಗಿ ಗರಿಗರಿಯಾದ ಗಿಡಗಳು, ಒಂದು ಕಾಯಿಯೂ ಇಲ್ಲ.

"ಒಂದೊಂದು ಬೀಜನೂ ಮೂರು ಮೂರು ಕಡೆ ಬಿತ್ತಿರ್ತೀವಿ. ಒಂದು ಕಡೆ ಮಣ್ಣು ಛಲೋ ಇರಬಹುದು, ಒಂದು ಕಡೆ ಹಸಿ ಇರಬಹುದು, ಮೋಸ ಆಗಬಾರದು ಅಂತ. ಇದೊಂದು. ನಡುವ ಇನ್ನೊಂದು. ಎರಡೂ ಸತ್ತಾವು. ನಿಮ್ಮ ಶೆಡ್ಡಿನ ಹಂತ್ಯಾಕಿಂದು ಒಂದ ಹಸರ ಐತಿ." ಅವಳು ಅವನನ್ನು ನೋಡಲಿಲ್ಲ. "ನಾ ಮೊದಲ ನೋಡಿದ್ದೆ. ಇಲ್ಲಿ ಗರಸು ಮಣ್ಣು, ನೀರು ನಿಲ್ಲಂಗಿಲ್ಲ, ಅದಕ್ಕ ಒಣಗೈತಿ ಅಂತ ನನಗ ನಾನ ಹೇಳ್ಕೊಂಡೆ. ಖರೇ ಆಗ್ಲಿ ಅಂತ ನನಗೂ ಆಸಿ ಇತ್ತು. ನಿನ್ನೆ ನಮ್ಮ ಆಫೀಸಿನ ಸರ್ ಕೇಳಿದ್ರು, ಮೂರೂ ಕಡೆ ಹೆಂಗೈತಿ ಅಂತ."

ಪ್ರತಿ ಸಾಲೂ ಬೇರೆ ತಳಿ ಎಂದೇ ಶಾವಲಿ ಇಷ್ಟು ದಿನ ತಿಳಿದಿದ್ದ. ಆದರೂ ಬಾಯಿ ರೂಢಿಯಂತೆ ತೆರೆಯಿತು. "ಅದು ಹಂಗಲ್ಲ ಬೇಟಿ, ಆ ಸಾಲು ನನ್ನ ದನಿ ಕೇಳ್ಕೋತ ಬೆಳೀತು. ನನ್ನ ದನಿ ಬಿದ್ದ ಕಡೆ ಕಲ್ಲೂ ಚಿಗುರ್ತೈತಿ..."

ನಂದಿನಿ ನಗಲಿಲ್ಲ. "ಗುರುಗುಂಟಾಕ್ಕೂ ಬಂದು ಮಾತಾಡ್ತೀರೇನ್ರಿ? ನಮ್ಮಪ್ಪನ ಹೊಲದಾಗ, ಸಾಲು ಸಾಲಿಗೂ?"

ಶಾವಲಿ ಒಣಗಿದ ಗಿಡದ ತುದಿ ಮುರಿದು ಬೆರಳಲ್ಲಿ ಪುಡಿಮಾಡಿದ.

"ನಾ ಸೀರಿ ಹೊಚ್ಚತಿದ್ದೆ. ನೀರಾಗ ಅದ್ದಿದ ಸೀರಿ. ಮೊದಲ ಸಲ ಹುಳಿ ಹಿಂಡಾಕ ಹೊಚ್ಚಿ ಮರತಿದ್ದೆ. ಆಮ್ಯಾಲ ಬೇಕಂತನ. ನೀ ಬರೋ ದಿನ ತಗೀತಿದ್ದೆ. ಆ ಬೀಜದಾಗ ಏನೂ ಇಲ್ಲ ಬೇಟಿ. ಅಪ್ಪಗ ಬ್ಯಾಡಂತ ಹೇಳು."

"ಯಾಕ ಕಾಕಾ?"

ಬಾಯಿಗೆ ಮೂರ್ನಾಲ್ಕು ಸುಳ್ಳು ಓಡಿ ಬಂದವು. ಒಂದೂ ನಾಲಿಗೆಯ ಮೇಲೆ ನಿಲ್ಲಲಿಲ್ಲ.

"ಆ ಸಾಲು ಒಣಗಿದ್ರ ನೀ ಬಂದ ಬಸ್ಸಿಗೇ ಹೊಳ್ಳಿ ಹೋಗ್ತಿದ್ದಿ. ಹಸರ ಇದ್ರ ಕುಂದ್ರತಿದ್ದಿ" ಎಂದ ಶಾವಲಿ. "ಅಷ್ಟ ಬೇಟಿ. ಮತ್ತೇನೂ ಇಲ್ಲ."