ಬ್ರೇಕಿಗೆ ಹೊಂದುವ ಕಾಫಿ ಪ್ರೆಸ್

ಡ್ರಮ್ ಮೇಷ್ಟ್ರು ಬ್ರೇಕನ್ನು ಜಿರಳೆ ತುಳಿದ ಹಾಗೆ ತುಳಿಯುತ್ತಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಡ್ರಮ್ ಕಲಿಸುವ ಕೆಲಸ ಅವರದು. ವರ್ಷಗಟ್ಟಲೆ ಬಲಗಾಲಿನಲ್ಲಿ ದೊಡ್ಡ ಡ್ರಮ್ಮಿನ ಪೆಡಲನ್ನು ಧಡ್ ಧಡ್ ಎಂದು ಒದ್ದು ಒದ್ದು, ಆ ಕಾಲಿಗೆ ಬೇರೆ ಭಾಷೆಯೇ ತಿಳಿಯದಾಗಿತ್ತು. ಡ್ರೈವಿಂಗ್ ಕಲಿಸುವ ನಾನು ಪಕ್ಕದಲ್ಲಿ ಕೂತು ದಿನವೂ ಮುಗ್ಗರಿಸುತ್ತಿದ್ದೆ. ಲೈಸೆನ್ಸಿನ ಮೊದಲ ಪರೀಕ್ಷೆಯಲ್ಲಿ ಇನ್‌ಸ್ಪೆಕ್ಟರ ಕನ್ನಡಕ ಹಾರಿ ಎದುರಿನ ಗಾಜಿಗೆ ಬಡಿಯಿತು. ಎರಡನೆಯದಕ್ಕೆ ಅವರು ಕನ್ನಡಕವನ್ನು ಜೇಬಿಗೆ ಹಾಕಿಕೊಂಡೇ ಕಾರು ಹತ್ತಿದರು. ಆಗ ಹಣೆ ಬಡಿಯಿತು.

"ಇನ್ನೊಂದೇ ಸಲ ಮೇಡಂ," ಎಂದರು ಮೇಷ್ಟ್ರು. "ಇದೂ ಹೋದ್ರೆ ಬಿಟ್ಬಿಡ್ತೀನಿ. ನನ್ನ ಕಾಲು ಸಂಗೀತಕ್ಕೇ ಲಾಯಕ್ಕು."

ಫೇಲಾದರೆ ಇವರು ಬರುವುದಿಲ್ಲ. ಪಾಸಾದರೂ ಬರುವುದಿಲ್ಲ! ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇರುವ ಈ ಮನುಷ್ಯನ ಬೆಳಗಿನ ಪಾಠಕ್ಕೆಂದು, ಐವತ್ತರ ಹೊಸಿಲಲ್ಲಿ ನಿಂತ ನಾನು ದಿನಕ್ಕೊಂದು ಓಲೆ ಬದಲಿಸತೊಡಗಿದ್ದೆ. ಇದು ನನಗೂ ಕನ್ನಡಿಗೂ ಮಾತ್ರ ಗೊತ್ತು ಅಂದುಕೊಂಡಿದ್ದೆ. ನನ್ನ ಜೊತೆಗಿರುವ ಅಕ್ಕನಿಗೆ ಯಾವಾಗಲೋ ಗೊತ್ತಾಗಿತ್ತು.

ಉಪಾಯ ಹೊಳೆದದ್ದು ಪರೀಕ್ಷೆ ನಡೆಯುವ ಮೈದಾನದ ಎದುರಿನ ಕಾಫಿ ಅಂಗಡಿಯಲ್ಲಿ. ಅಲ್ಲಿ ಗಿರಾಕಿಗಳ ಮುಂದೆ ಗಾಜಿನ ಫ್ರೆಂಚ್ ಪ್ರೆಸ್ ಇಟ್ಟು ಹೋಗುತ್ತಾರೆ; ಮೇಲಿನ ಗುಬುಟು ಒತ್ತಿದರೆ ಒಳಗಿನ ಜಾಲರಿ ಇಳಿದು ಪುಡಿಯನ್ನು ತಳಕ್ಕೆ ತಳ್ಳುವ ಕಾಫಿ ಪಾತ್ರೆ ಅದು. ಯಾರೋ ಅವಸರದವನು ಅದರ ಗುಬುಟನ್ನು ರಪ್ಪನೆ ಒತ್ತಿದ. ಕಾಫಿ ಮೇಲಕ್ಕೆ ಚಿಮ್ಮಿ ಅವನ ಮೂಗಿಗೇ ಬಿತ್ತು. "ಜೋರು ಮಾಡಿದ್ರೆ ಅದೂ ಜೋರು ಮಾಡುತ್ತೆ ಸಾರ್," ಎಂದಳು ಅಂಗಡಿಯಾಕೆ, ಬಟ್ಟೆ ತಂದುಕೊಡುತ್ತ. "ಮೆತ್ತಗೆ ಒತ್ತಿ, ತಾನೇ ಇಳಿಯುತ್ತೆ."

ನಾನು ಅರ್ಧ ಕಪ್ಪು ಬಿಟ್ಟೇ ಎದ್ದೆ.

ಆ ಸಂಜೆಯೇ ಅಕ್ಕನೊಂದಿಗೆ ಪಾತ್ರೆ ಅಂಗಡಿಗೆ ಹೋದೆ. ಮಾರುವ ಹುಡುಗಿ ಗಾಜಿನದು, ಸ್ಟೀಲಿನದು, ಎರಡು ಪದರದ್ದು ಎಂದು ಸಾಲಾಗಿ ಇಟ್ಟಳು. ಗಾಜಿನದರಲ್ಲಿ ಬಣ್ಣ ಕಾಣುತ್ತದಂತೆ, ಸ್ಟೀಲಿನದು ಬಿದ್ದರೂ ಒಡೆಯದಂತೆ. ನಾನು ಅದೊಂದನ್ನೂ ಕೇಳಿಸಿಕೊಳ್ಳಲಿಲ್ಲ. ಒಂದೊಂದಕ್ಕೂ ನೀರು ಹಾಕಿಸಿಕೊಂಡು, ಕಣ್ಣು ಮುಚ್ಚಿ, ಗುಬುಟನ್ನು ಒತ್ತಿ ನೋಡತೊಡಗಿದೆ. ಒಂದು ತೀರಾ ಸಡಿಲ, ಒಂದು ಮೊಂಡು.

"ಮೇಡಂ," ಎಂದಳು ಹುಡುಗಿ ಮೆಲ್ಲಗೆ, "ಅದನ್ನ ಕಾಲಲ್ಲಿ ಒತ್ತೋದಲ್ಲ."

ಕಣ್ಣು ಬಿಟ್ಟೆ. ಮೇಲೆ ಕೈ ಒತ್ತುತ್ತಿದ್ದರೆ ಕೆಳಗೆ ನನ್ನ ಬಲಪಾದವೂ ನೆಲ ಒತ್ತುತ್ತಿತ್ತು.

"ನೀನೇನು ಕಾರು ಕೊಳ್ತಿದೀಯೋ, ಕಾಫಿ ಪಾತ್ರೆ ಕೊಳ್ತಿದೀಯೋ?" ಎಂದಳು ಅಕ್ಕ.

"ಸುಮ್ನಿರೇ. ಹಾಂ, ಇದು! ಇದು ನಮ್ಮ ಕಾರಿನ ಬ್ರೇಕಿನ ಹಾಗೇ ಇದೆ."

"ಇದ್ರಲ್ಲಿ ಮೂರು ಸೈಜಿದೆ," ಎಂದಳು ಹುಡುಗಿ. "ಎಷ್ಟು ಜನಕ್ಕೆ ಬೇಕು?"

ಇಷ್ಟು ಸಣ್ಣ ಪ್ರಶ್ನೆಗೆ ನನ್ನ ಕಿವಿಯೆಲ್ಲ ಬಿಸಿಯಾಯಿತು. "ಇಬ್ರಿಗೆ," ಎಂದೆ.

"ನಾನು ಟೀ ಕುಡಿಯೋಳು," ಎಂದಳು ಅಕ್ಕ, ಹುಡುಗಿಯತ್ತ ತಿರುಗಿ. "ಆ ಇಬ್ರಲ್ಲಿ ನಾನಿಲ್ಲ, ತಿಳ್ಕೋ." ನಾನು ಅವಳ ತೋಳು ಚಿವುಟಿದೆ.

ಮರುದಿನ ಮೈದಾನದ ಬೆಂಚಿನ ಮೇಲೆ ಪಾಠ ಶುರುವಾಯಿತು. ತರಿತರಿಯಾದ ಪುಡಿ ಹಾಕಿ ಫ್ಲಾಸ್ಕಿನಿಂದ ಬಿಸಿನೀರು ಸುರಿದು ಕಲಕಿದೆ. ಮುಚ್ಚಳ ಇಟ್ಟು ಒತ್ತಲು ಹೇಳಿದೆ. ಮೇಷ್ಟ್ರು ಒತ್ತಿದರು, ಅಲ್ಲ, ಬಾರಿಸಿದರು. ಕಾಫಿ ಕಾರಂಜಿಯಾಗಿ ಅವರ ಬಿಳಿ ಅಂಗಿಯನ್ನೂ ನನ್ನ ಎಡಗಡೆಯ ಓಲೆಯನ್ನೂ ತೋಯಿಸಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ಕೈಗೆ ಕಲಿಸಿದ್ರೆ ಕಾಲಿಗೆ ಬರುತ್ತಾ ಮೇಡಂ?"

"ನೀವೇ ಹೇಳ್ಬೇಕು. ಡ್ರಮ್ಮಿನಲ್ಲಿ ಕೈಕಾಲು ಒಟ್ಟಿಗೇ ಅಲ್ವಾ?"

ಅವರು ಯೋಚಿಸಿದರು. "ಹೌದು. ಕೈ ಮಾಡಿದ್ದಕ್ಕೆ ಕಾಲು ಸುಮ್ಮನಿರಲ್ಲ." ಅಂದಿನಿಂದ ಅಭ್ಯಾಸಕ್ಕೆಂದು ಪ್ರೆಸ್ಸನ್ನು ಅವರೇ ಮನೆಗೆ ಒಯ್ದು ಮರುದಿನ ತರತೊಡಗಿದರು.

ಪುಡಿ ನೆನೆಯಲು ನಾಲ್ಕು ನಿಮಿಷ ಬೇಕು. ಆ ಹೊತ್ತಿನಲ್ಲಿ ಮಾಡಲು ಏನೂ ಇರುವುದಿಲ್ಲ. ಒಂದೋ ಪ್ರೆಸ್ಸನ್ನು ನೋಡಬೇಕು, ಇಲ್ಲ ಎದುರಿಗಿರುವವರನ್ನು ನೋಡಬೇಕು. ಮೊದಲೆರಡು ದಿನ ಇಬ್ಬರೂ ಪ್ರೆಸ್ಸನ್ನೇ ನೋಡಿದೆವು. ಆಮೇಲೆ ಒಂದು ದಿನ, ಎಷ್ಟು ಬಲ ಸಾಕೆಂದು ತೋರಿಸಲು, ನನ್ನ ಅಂಗೈಯನ್ನು ಅವರ ಕೈಯ ಮೇಲಿಟ್ಟೆ. ಪಾಠಕ್ಕೇ ಇಟ್ಟದ್ದು. ತೆಗೆಯುವಾಗ ಸ್ವಲ್ಪ ತಡವಾದದ್ದು ಮಾತ್ರ ಪಾಠದಲ್ಲಿರಲಿಲ್ಲ. ಮೇಷ್ಟ್ರು ಬಾಯೊಳಗೇ ತಾಳ ಎಣಿಸುತ್ತ, ಗುಬುಟನ್ನು ನಿದ್ದೆಗಣ್ಣಿನ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ ಇಳಿಸಿದರು. ಕಾರಿಗೆ ಹೋಗಿ ಬ್ರೇಕ್ ಒತ್ತಿದರೆ ನಾನು ಕೂತಲ್ಲಿಂದ ಅಲುಗಲಿಲ್ಲ. ಖುಷಿಯಿಂದ ಕೂಗಿದೆ. ಕೂಗಿದ ಮೇಲೆ ನೆನಪಾಯಿತು, ಇವರನ್ನು ಕಳಿಸಿಕೊಡುವ ಏರ್ಪಾಟನ್ನು ನಾನೇ ಮಾಡಿದ್ದೆ.

ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಒಂದು ಕೈಯಲ್ಲಿ ಹಣೆ ಹಿಡಿದುಕೊಂಡೇ ನನ್ನ ಕಾರು ಹತ್ತಿದರು. ನಾನು ಗೋಡೆಯ ಪಕ್ಕ ನಿಂತೆ. ತಿರುವಿನಲ್ಲಿ, ಗೆರೆಯ ಹತ್ತಿರ, ಕಾರು ಬೆಕ್ಕು ಕೂತಷ್ಟು ಮೆತ್ತಗೆ ನಿಂತಿತು. ಇನ್‌ಸ್ಪೆಕ್ಟರು ಹಣೆಯಿಂದ ಕೈ ತೆಗೆದು ಮೇಷ್ಟ್ರನ್ನು ದಿಟ್ಟಿಸಿ ನೋಡಿದರು, ಬೇರೆ ಯಾರಾದರೂ ಬಂದು ಕೂತಿದ್ದಾರೋ ಎಂಬಂತೆ.

ಪಾಸು.

ಮೇಷ್ಟ್ರು ಓಡಿ ಬಂದರು. "ಹಾಗಾದ್ರೆ ನಾಳೆಯಿಂದ ಪಾಠ ಇಲ್ಲ," ಎಂದರು.

"ಇಲ್ಲ."

"ಪ್ರೆಸ್ಸು ನಿಮ್ದು. ವಾಪಸ್ ಕೊಡ್ಬೇಕಲ್ಲ."

ಹೂಂ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಮರ್ಯಾದೆಯ ಹೆಂಗಸಾಗಿ ಇಂಥ ಎಷ್ಟೋ ಹೂಂಗಳನ್ನು ನಾನು ಹೇಳಿದ್ದೇನೆ. "ನಿಮ್ಮ ಮನೇಲೇ ಇರ್ಲಿ," ಎಂದೆ. "ಭಾನುವಾರ ನಾನೇ ಬರ್ತೀನಿ."

"ಪಾಠಕ್ಕಾ?"

"ಅಲ್ಲ ಮೇಷ್ಟ್ರೇ. ನಿಮ್ಮನ್ನ ನೋಡೋಕೆ."

ಅವರ ಮುಖ ಅರಳಿತು. "ಕಪ್ಪು ಒಂದೇ ಇದೆ ಮನೇಲಿ," ಎಂದು ತಡವರಿಸಿದರು. "ಇವತ್ತೇ ತರ್ತೀನಿ. ಈಗ್ಲೇ ತರ್ತೀನಿ!" ಎಂದು ನಿಜವಾಗಿಯೂ ಓಡಿದರು.

ನಾನೂ ತಿರುಗಿ ನಡೆದೆ. ಪಾದ ನೆಲಕ್ಕೆ ತಾಗುತ್ತಿದ್ದ ನೆನಪಿಲ್ಲ. ಎದುರಿಗೆ ಬಂದ ಬಸ್ಸು ಹತ್ತಿದೆ, ಟಿಕೆಟ್ ತೆಗೆದುಕೊಂಡೆ, ಕಿಟಕಿಯಾಚೆ ನೋಡುತ್ತ ಒಬ್ಬಳೇ ನಕ್ಕೆ. ಪಕ್ಕದಲ್ಲಿದ್ದ ಅಜ್ಜಿ ಸ್ವಲ್ಪ ಸರಿದು ಕೂತರು.

ಅಕ್ಕ ಬಾಗಿಲು ತೆರೆದು ನನ್ನನ್ನು ನೋಡಿದಳು, ನನ್ನ ಹಿಂದಿನ ಖಾಲಿ ರಸ್ತೆಯನ್ನು ನೋಡಿದಳು.

"ಕಾರೆಲ್ಲೇ?"