ಸದ್ದಿಲ್ಲದ ಬಾಡಿಗೆದಾರ

ಬೊಗಳೋ ನಾಯಿ ಕಚ್ಚೋದಿಲ್ಲ ಅಂತ ಗಾದೆ ಕಟ್ಟಿದ ಪುಣ್ಯಾತ್ಮ ಬಾಡಿಗೆ ಮನೆಯಲ್ಲಿ ಇದ್ದವನಲ್ಲ. ಇದ್ದಿದ್ದರೆ ಅವನಿಗೆ ಗೊತ್ತಿರುತ್ತಿತ್ತು: ಮನೆ ಓನರುಗಳು ಕಚ್ಚುವ ನಾಯಿಯನ್ನಾದರೂ ಸಹಿಸಿಯಾರು, ಬೊಗಳುವ ನಾಯಿಯನ್ನು ಸಹಿಸುವುದಿಲ್ಲ. ಶರ್ಟ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುವ ಆ ಹೆಂಗಸು ಒಂದೇ ವರ್ಷದಲ್ಲಿ ಎರಡು ಮನೆ ಬಿಟ್ಟಿದ್ದಳು, ಎರಡು ಸಲವೂ ನಾಯಿಯ ಬಾಯಿಯಿಂದಾಗಿ. ಅವಳು, ಅವಳಪ್ಪ, ನಾಯಿ. ಇಷ್ಟೇ ಸಂಸಾರ.

ಅಪ್ಪ ಮೂವತ್ತು ವರ್ಷ ಬಸ್ಸು ಓಡಿಸಿದವನು. ಗಂಟಲಿನ ಆಪರೇಷನ್ ಆದಮೇಲೆ ಅವನ ದನಿ ಪಿಸುಮಾತಿಗೆ ಇಳಿದಿತ್ತು, ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು. ಆಗ ಮನೆ ಸೇರಿದ ಕಂದು ಬಣ್ಣದ ಬೀದಿನಾಯಿಗೆ ಅವನೇ ಹಾರ್ನ್ ಅಂತ ಹೆಸರಿಟ್ಟ. ನೀರು ಬೇಕಾದರೆ, ಎದೆ ಹಿಡಿದುಕೊಂಡರೆ, ಬಾಗಿಲಿಗೆ ಯಾರಾದರೂ ಬಂದರೆ, ತೊಡೆ ತಟ್ಟುತ್ತಿದ್ದ. ಹಾರ್ನ್ ಬೀದಿಗೆಲ್ಲ ಕೇಳುವಂತೆ ಬೊಗಳುತ್ತಿತ್ತು. ಮಗಳು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುತ್ತಿದ್ದಳು.

ಮೂರನೇ ಮನೆ ಸಿಕ್ಕಿದ್ದೇ ದೊಡ್ಡದು. ನೆಲಮಹಡಿ, ಅಪ್ಪನಿಗೆ ಮೆಟ್ಟಿಲ ಕಾಟವಿಲ್ಲ, ಫ್ಯಾಕ್ಟರಿಗೆ ನಡೆದು ಹೋಗುವಷ್ಟು ದೂರ. ಮೇಲೆ ಓನರಮ್ಮ ಒಬ್ಬರೇ. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು, ಮಾತು ಮಾತ್ರ ಇನ್ನೂ ಬೆತ್ತ ಹಿಡಿದುಕೊಂಡೇ ಇತ್ತು.

"ನೋಡಮ್ಮ, ಇಬ್ಬರೇ ತಾನೆ? ನಾಯಿ, ಬೆಕ್ಕು ಏನೂ ಇಲ್ಲ ತಾನೆ? ಆಮೇಲೆ ನನ್ನ ಹತ್ರ ರಾಗ ಎಳೀಬಾರದು."

"ಇಲ್ಲಮ್ಮ, ಇಬ್ಬರೇ," ಅಂದುಬಿಟ್ಟಳು.

ಹಾರ್ನ್ ಆ ಮನೆಗೆ ಬಂದದ್ದು ಹಾಸಿಗೆಬಟ್ಟೆಯ ಗಂಟಿನೊಳಗೆ. ಬಂದ ದಿನವೇ, ಓನರಮ್ಮ ಸಂಜೆ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಪಾಠ ಶುರುವಾಯಿತು. ಅಪ್ಪ ತೊಡೆ ತಟ್ಟಬೇಕು. ನಾಯಿ ಬೊಗಳಿದರೆ, ಶರ್ಟ್ ಕಾಲರಿನೊಳಗೆ ಇಡುವ ಗಟ್ಟಿ ಬಟ್ಟೆಯ ಪಟ್ಟಿಯನ್ನು ಅವಳು ಅದರ ಮೂತಿಗೆ ಸುತ್ತಿ ಅರ್ಧ ಗಂಟೆ ಕಟ್ಟಿಡಬೇಕು. ಸುಮ್ಮನಿದ್ದರೆ ಬಿಸ್ಕತ್ತು. ಮೂತಿ ಕಟ್ಟಿಸಿಕೊಂಡ ನಾಯಿ ಅಪ್ಪನ ಮುಖವನ್ನೇ ನೋಡುತ್ತಿತ್ತು. ಅಪ್ಪ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದ.

"ಹಾರ್ನ್ ಇಲ್ಲದ ಗಾಡೀನ ರೋಡಿಗೆ ಇಳಿಸಬಾರದು ಕಣಮ್ಮ," ಅಂದ ಒಂದು ದಿನ.

"ಮತ್ತೆ ಬೀದಿಗೆ ಬೀಳಬಾರದು ಅಂತಾನೇ ಇಷ್ಟೆಲ್ಲ ಮಾಡ್ತಿರೋದು. ನೀನು ಸುಮ್ನಿರಪ್ಪ."

ಅಪ್ಪ ನಕ್ಕ. ಆ ನಗುವಿಗೂ ಸದ್ದಿರಲಿಲ್ಲ. ಅವಳಿಗೇನು ಕರುಳಿರಲಿಲ್ಲವೇ? ಪಟ್ಟಿ ಕಟ್ಟಿದ ಪ್ರತಿ ಸಲವೂ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬರುತ್ತಿದ್ದಳು. ಆದರೆ ಅಪ್ಪನಿಗೆ ಸೂರೂ ಬೇಕು, ನಾಯಿಯೂ ಬೇಕು. ಎರಡರಲ್ಲಿ ಒಂದನ್ನು ಕಿತ್ತುಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ಒಂದೂವರೆ ತಿಂಗಳಲ್ಲಿ ನಾಯಿ ಪಾಠ ಕಲಿತಿತು. ತೊಡೆ ತಟ್ಟಿದರೆ ಹತ್ತಿರ ಬಂದು ಬಾಯಿ ಬಿಗಿದು ಕೂರುತ್ತಿತ್ತು.

ಒಂದು ಭಾನುವಾರ ಓನರಮ್ಮ ಎರಡು ಬೆರಳಲ್ಲಿ ಕಂದು ಕೂದಲೊಂದನ್ನು ಹಿಡಿದುಕೊಂಡು ಇಳಿದು ಬಂದರು.

"ಇದು ಒಣಹಾಕಿದ ನನ್ನ ಬಟ್ಟೆ ಮೇಲಿತ್ತು. ಯಾರದ್ದಮ್ಮ ಇದು?"

"ನಮ್ಮಪ್ಪಂದು," ಅಂದಳು ಅವಳು. ಅಪ್ಪನ ತಲೆ ನೋಡಿದರೆ ಅಂಗೈಯಷ್ಟು ನುಣ್ಣಗಿತ್ತು.

ಓನರಮ್ಮ ನೇರ ಒಳಗೆ ನುಗ್ಗಿದರು. ಮಂಚದ ಕೆಳಗೆ ಬಗ್ಗಿದರು, ಬೀಗ ಹಾಕಿದ್ದ ಬೀರುವಿನ ಬಾಗಿಲನ್ನು ಪಟಪಟ ಬಡಿದರು. ಆ ಬೀರುವಿನೊಳಗೇ, ಕಂಬಳಿಗಳ ಸಂದಿಯಲ್ಲಿ, ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿದ ಕೂಡಲೇ ಅವಳು ಬಚ್ಚಿಟ್ಟ ಹಾರ್ನ್ ಇತ್ತು. ಕುಂಯ್ ಅನ್ನಲಿಲ್ಲ. ಓನರಮ್ಮನೇ ಕೊನೆಗೆ ಪೆಚ್ಚಾದರು.

"ಎದುರುಮನೆಯವರು ಏನೋ ಅಂದ್ರು, ನಾನೂ ನಂಬಿಬಿಟ್ಟೆ. ತಪ್ಪು ತಿಳೀಬೇಡಮ್ಮ. ನಾಯಿ ಇದ್ದಿದ್ರೆ ಇಷ್ಟು ಹೊತ್ತಿಗೆ ಊರು ಒಂದು ಮಾಡ್ತಿರಲಿಲ್ವಾ?"

ಅವರು ಹೋದಮೇಲೆ ಅವಳು ನಾಯಿಯನ್ನು ಅಪ್ಪಿಕೊಂಡು ಕುಣಿದಳು. ಗೆದ್ದೆವು ಅಂದುಕೊಂಡಳು, ಪಾಪಿ.

ಮರುವಾರ ಒಂದು ದಿನ ಸಂಜೆ ಆರೂವರೆಗೆ ಕೆಲಸದಿಂದ ಬಂದು ಬೀಗ ತೆಗೆದರೆ ಬಚ್ಚಲ ಬಾಗಿಲು ತೆರೆದಿತ್ತು. ಅಪ್ಪ ನೆಲದ ಮೇಲೆ ಬಿದ್ದಿದ್ದ. ಸೊಂಟ ಮುರಿದಿತ್ತು, ತಲೆಯ ಹಿಂದೆ ರಕ್ತ ಒಣಗಿ ಕಪ್ಪಾಗಿತ್ತು. ಫೋನು ಕಿಟಕಿಯಲ್ಲಿ ಚಾರ್ಜಿಗೆ ಹಾಕಿದ್ದು ಅಲ್ಲೇ ಇತ್ತು. ಹಾರ್ನ್ ಅವನ ಎದೆಗೆ ಒತ್ತಿಕೊಂಡು ಕೂತಿತ್ತು. ಅಪ್ಪನ ಬಲತೊಡೆ ಕೆಂಪಗೆ ಬಾತುಹೋಗಿತ್ತು.

"ಬೆಳಿಗ್ಗೆ ನೀನು ಹೋದ ಒಂದು ಗಂಟೆಯೊಳಗೇ ಬಿದ್ದೆ," ಅಂದ ಅಪ್ಪ. ಅವಳು ಅವನ ಬಾಯಿಗೆ ಕಿವಿ ಹಚ್ಚಿದಳು. "ಎಷ್ಟು ತಟ್ಟಿದೆ ಕಣಮ್ಮ. ತಟ್ಟಿದಾಗೆಲ್ಲ ಬಂದು ಬಾಯಿ ಮುಚ್ಕೊಂಡು ಕೂರ್ತಿತ್ತು. ಅದಕ್ಕೆ ಹೊಡೀಬೇಡ. ನಾವು ಹೇಳಿಕೊಟ್ಟಿದ್ದನ್ನೇ ಮಾಡಿದೆ ಪಾಪ."

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಬೆಳಿಗ್ಗೆನೇ ಯಾಕೆ ಕರ್ಕೊಂಡು ಬರ್ಲಿಲ್ಲ? ಅಕ್ಕಪಕ್ಕ ಯಾರೂ ಇರ್ಲಿಲ್ವಾ?" ತಲೆಯೊಳಗೆ ಇಡೀ ದಿನ ರಕ್ತ ಸೋರಿದೆ, ಬೇಗ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಅಂದರು. ಮೂರನೇ ದಿನ ಅಪ್ಪ ಹೋದ.

ಎಲ್ಲ ಮುಗಿಸಿ ಮನೆಗೆ ಬಂದ ಮಧ್ಯಾಹ್ನ ಓನರಮ್ಮ ಕೆಳಗಿಳಿದು ಬಂದರು. ಅವಳು ನಾಯಿಯನ್ನು ಬಚ್ಚಿಡಲಿಲ್ಲ. ಅದು ಕೋಣೆಯ ನಡುವೆ ಮಲಗಿತ್ತು.

"ಸುಳ್ಳು ಹೇಳಿದ್ದೆ ಅಮ್ಮ. ಮೊದಲಿನಿಂದಲೂ ಇತ್ತು. ಬೊಗಳದ ಹಾಗೆ ನಾನೇ ಮಾಡಿದೆ. ಅದಕ್ಕೇ ಅಪ್ಪನ ಹತ್ರ ಯಾರೂ ಬರಲಿಲ್ಲ," ಅಂದಳು. ಬೈಗುಳಕ್ಕೆ ತಲೆಕೊಟ್ಟು ನಿಂತಳು. ಇವತ್ತೇ ಮನೆ ಖಾಲಿ ಮಾಡು ಅಂದರೂ ಸರಿ, ಬಾಯಿಗೆ ಬಂದಂತೆ ಅಂದರೂ ಸರಿ, ಅಷ್ಟಾದರೂ ಶಿಕ್ಷೆ ಸಿಗಲಿ ಅಂತ ಅವಳಿಗೆ ನಿಜವಾಗಿಯೂ ಅನಿಸಿತ್ತು.

ಓನರಮ್ಮ ನಾಯಿಯನ್ನು ನೋಡಿದರು, ಅವಳನ್ನು ನೋಡಿದರು, ಹಾಗೇ ಗೋಡೆ ಹಿಡಿದುಕೊಂಡು ನೆಲಕ್ಕೆ ಕುಸಿದು ಕೂತರು.

"ನಾಯಿ ಇರಲಿ ಬಿಡು. ನೀನೂ ಎಲ್ಲಿಗೂ ಹೋಗಬೇಡ," ಅಂದರು. ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಅವತ್ತು ಇಡೀ ದಿನ ಮನೇಲೇ ಇದ್ದೆನಲ್ಲೇ. ಆ ಬಚ್ಚಲ ಮೇಲೇ ನನ್ನ ಅಡುಗೆಮನೆ. ಅದು ಒಂದು ಸಲ, ಒಂದೇ ಒಂದು ಸಲ ಬೊಗಳಿದ್ರೂ ಸಾಕಿತ್ತು. ಜಗಳ ಆಡೋಕಾದ್ರೂ ಇಳಿದು ಬರ್ತಿದ್ದೆ."

ಅವಳು ಅವರ ಪಕ್ಕದಲ್ಲೇ ನೆಲಕ್ಕೆ ಬಿದ್ದು, ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಲ್ಲುವ ಹಾಗೆ ಗೋಳೋ ಎಂದು ಅತ್ತಳು.