ಕೊರಡಿನ ಮೇಲಿನ ಶಾಲೆ

ಬಿಬವೇವಾಡಿಯ ದಾರಿಯಲ್ಲಿದ್ದ ಕನ್ನಡ ಶಾಲೆಗೆ ಎರಡು ಕೋಣೆ, ಒಂದು ಕರಿಹಲಗೆ, ಒಬ್ಬ ಮಾಸ್ತರರು ಇದ್ದರು. ಮಳೆಗಾಲದಲ್ಲಿ ಮಕ್ಕಳು ಮಾತ್ರ ಇರುತ್ತಿರಲಿಲ್ಲ. ಮಕ್ಕಳೆಲ್ಲ ಪುಣೆ ಕ್ಯಾಂಪಿನವರು. ಅವರ ತಂದೆಯರು ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಮಿಲಿಟರಿ ಲೆಕ್ಕದ ಕಚೇರಿಯಲ್ಲಿ ಕಾರಕೂನರಾಗಿದ್ದವರು. ಕ್ಯಾಂಪಿನಲ್ಲಿ ಬಾಡಿಗೆ ಹೆಚ್ಚು ಎಂದು ಶಾಲೆಯನ್ನು ಊರ ಹೊರಗೆ, ಹಿಂದೆ ಉಳ್ಳಾಗಡ್ಡಿ ತುಂಬುತ್ತಿದ್ದ ಒಂದು ವಖಾರಿಯಲ್ಲಿ ಇಟ್ಟಿದ್ದರು. ನಡುವೆ ಕರಿ ಮಣ್ಣಿನ ದಾರಿ. ೧೯೩೪ರ ಜುಲೈ ತಿಂಗಳಲ್ಲಿ ಆ ದಾರಿ ಚಪ್ಪಲಿ, ಪಾಟಿ, ಛತ್ರಿಗಳನ್ನು ನುಂಗಿತು. ಒಬ್ಬ ಹುಡುಗನನ್ನು ಮೊಣಕಾಲಿನವರೆಗೆ ನುಂಗಿ, ಅಳುವುದು ಕೇಳಲಾರದೆ ಬಿಟ್ಟುಕೊಟ್ಟಿತು.

ದೀಪಾವಳಿಗೆ ಮುಂಚೆ ತಪಾಸಣೆ ನಡೆಯುವುದೆಂದೂ, ಅಂದು ಇಪ್ಪತ್ತೈದು ಮಕ್ಕಳು ಕಾಣದಿದ್ದರೆ ಶಾಲೆಯನ್ನು ಮುಚ್ಚುವುದೆಂದೂ ಮೇಲಿನಿಂದ ತಾಕೀತು ಬಂದಿತ್ತು. ಮುಚ್ಚಿದರೆ ಬಿಂದುಮಾಧವ ಮಾಸ್ತರರಿಗೆ ಬೇರೆ ಕಡೆ ಕೆಲಸ ಸಿಗುತ್ತಿತ್ತು. ಆದರೆ ಆ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ಇನ್ನೊಂದು ಜಾಗ ಆ ಭಾಗದಲ್ಲಿ ಇರಲಿಲ್ಲ. ಊರಲ್ಲಿರುವ ಅಜ್ಜಿ ಬರೆಸಿ ಕಳಿಸಿದ ಕಾಗದವನ್ನು ಮೊಮ್ಮಕ್ಕಳು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗುತ್ತಿತ್ತು. ಮಾಸ್ತರರ ನಿದ್ದೆ ಕೆಡಿಸಿದ್ದು ಇದು.

ಅವರು ಮೊದಲು ರಸ್ತೆ ಕಚೇರಿಗೆ ಹೋದರು. ಓವರಸಿಯರ್ ಭುಜಂಗರಾಯರು ಬೆಳಗಾವಿ ಕಡೆಯವರು. ಕೂಡಿಸಿ ಚಹಾ ತರಿಸಿದರು.

"ಆ ದಾರಿ ಎಲ್ಲಿಗೆ ಹೋಗತದರಿ, ಮಾಸ್ತರ?"

"ಶಾಲೆಗೆ ಹೋಗತದರಿ."

"ಹಂಗಾದ್ರ ಅದು ಶಿಕ್ಷಣ ಖಾತೆದಾತು. ನಮ್ಮ ರಸ್ತಾ ಊರಿಂದ ಊರಿಗೆ ಹೋಗತಾವ."

"ಮುಂದ ಬಿಬವೇವಾಡಿಗೂ ಹೋಗತದರಿ."

"ಹೋಗಲಿ ಬಿಡ್ರಿ. ನೀವು ಅಲ್ಲಿತನಕ ಹೋಗಂಗಿಲ್ಲಲ್ಲ?"

ಶಿಕ್ಷಣ ಕಚೇರಿಯವರೂ ಚಹಾ ಕೊಟ್ಟರು. ತಾವು ಅಕ್ಷರಕ್ಕೆ ಜವಾಬ್ದಾರರು, ಕೆಸರಿಗಲ್ಲ ಎಂದು ತಿಳಿಸಿ ನಕಾಶೆ ಬಿಡಿಸಿ ನೋಡಿದರು. ನಕಾಶೆಯಲ್ಲಿ ಆ ದಾರಿ ದಾರಿಯೇ ಆಗಿರಲಿಲ್ಲ. ಎರಡು ಹೊಲಗಳ ನಡುವಿನ ಬದು ಆಗಿತ್ತು. ಬದು ಕೃಷಿ ಖಾತೆಗೆ ಸೇರಿದ್ದು. ಕೃಷಿ ಕಚೇರಿಯವರು ಎಲ್ಲರಿಗಿಂತ ಹೆಚ್ಚು ಮರ್ಯಾದೆಯಿಂದ, "ಈ ವರ್ಷ ಅದರಾಗ ಏನ್ ಬಿತ್ತೀರಿ?" ಎಂದು ಕೇಳಿದರು.

ಮನೆಯಲ್ಲಿ ಹೆಂಡತಿ ಗೋದಾಬಾಯಿ ಕಾಲಿಗೆ ನೀರು ಕೊಟ್ಟು ಕೇಳಿದರು. "ಮೂರು ಕಚೇರಿ ತಿರುಗಿ ಬಂದ್ರಿ. ಏನ್ ತಂದ್ರಿ?"

"ಚಹಾ ಕುಡದು ಬಂದೆ."

"ಮೂರೂ ಕಡೆ?"

"ಕೃಷಿಯವರು ಶೇಂಗಾ ಕೊಟ್ರು."

"ಅವರ ಶ್ಯಾಣ್ಯಾರು. ಅದನ್ನ ಹೊಲ ಅಂದ್ರಂದ್ರ ಹೊಲಾನ ಅನ್ಕೋರಿ. ಹೊಲ ಹೆಂಟಿ ಎದ್ರ ಏನ್ ಮಾಡ್ತಾರ?"

ಮಾಸ್ತರರು ತಂಬಿಗೆ ಹಿಡಿದುಕೊಂಡೇ ನಿಂತರು. ಹೊಲದಲ್ಲಿ ಹೆಂಟೆ ಎದ್ದರೆ ಕೊರಡು ಹೊಡೆಯುತ್ತಾರೆ. ಎತ್ತಿನ ಹಿಂದೆ ದಪ್ಪ ಮರದ ತೊಲೆ ಕಟ್ಟಿ ಎಳೆಸಿದರೆ ಹೆಂಟೆ ಒಡೆದು, ನೆಲ ಮಟ್ಟವಾಗುತ್ತದೆ. ಮಳೆ ಬಿಟ್ಟು ಮಣ್ಣು ಅರೆ ಒಣಗಿದಾಗ ದಾರಿಗೂ ಅದೇ ಸಾಕು. ಖರ್ಚಿಲ್ಲ, ಕಚೇರಿಯಿಲ್ಲ.

ಬಿಬವೇವಾಡಿಯಲ್ಲಿ ತೋಟ ಮಾಡಿಕೊಂಡಿದ್ದ ಈರಬಸಪ್ಪ ಗೋಕಾಕದ ಕಡೆಯವನು. ದಿನಾ ಬೆಳಿಗ್ಗೆ ಕ್ಯಾಂಪಿನ ಸಂತೆಗೆ ಕಾಯಿಪಲ್ಲೆ ಹಾಕಿ, ಶಾಲೆಯ ಹೊತ್ತಿಗೆ ಖಾಲಿ ಗಾಡಿ ಹೊಡೆದುಕೊಂಡು ವಾಪಸಾಗುತ್ತಿದ್ದ. ಮಾಸ್ತರರ ಮಾತು ಕೇಳಿ ಅವನು ತೊಡೆ ತಟ್ಟಿಕೊಂಡು ನಕ್ಕ.

"ದಾರಿಗೆ ಕೊರಡಾ? ಆಮ್ಯಾಲ ಕೂರಿಗಿ ಹೂಡಿ ಬಿತ್ತೂದೇನ್ರಿ?"

"ನಗಬ್ಯಾಡೋ ಮಾರಾಯಾ. ನಿನ್ನ ಗಾಡಿ ಅಚ್ಚು ಮುರದಿದ್ದು ಎಲ್ಲಿ?"

ಈರಬಸಪ್ಪನ ನಗು ನಿಂತಿತು. ಮರುದಿನ ಖಾಲಿ ಗಾಡಿಯ ಹಿಂದೆ ಕಟ್ಟಿದ ಕೊರಡು ಬಂತು. ಆದರೆ ಕೊರಡಿನ ಮೇಲೆ ಭಾರ ಇರಬೇಕು. ಕಲ್ಲು ಹೇರಿದರೆ ತಗ್ಗು ಬಂದಲ್ಲೆಲ್ಲ ಉರುಳಿ ಬಿದ್ದವು.

"ಬಿದ್ದರ ಎದ್ದು ತಾವ ಬಂದು ಕೂಡೂವಂಥ ಭಾರ ಬೇಕ್ರಿ" ಎಂದ ಈರಬಸಪ್ಪ.

ಅಂಥ ಭಾರ ಕ್ಯಾಂಪಿನ ತುದಿಯಲ್ಲಿ ಪಾಟಿಚೀಲ ಹಿಡಿದು ನಿಂತಿತ್ತು. ಮಕ್ಕಳು ಕೊರಡಿನ ಮೇಲೆ ಕುಳಿತರು. ಕೊರಡು ಹೊರಟಿತು. ಹಿಂದೆ ದಾರಿ ಚಾಪೆ ಹಾಸಿದ ಹಾಗೆ ಮಲಗುತ್ತ ಬಂತು.

ಎಂಟು ದಿನದಲ್ಲಿ ಕ್ಯಾಂಪಿನ ಮಕ್ಕಳ ಹೊಟ್ಟೆನೋವು ವಾಸಿಯಾಯಿತು. ಜ್ವರ ಬಂದವರೂ ಅಡಗಿಸಿಕೊಂಡು ಬರತೊಡಗಿದರು. ಒಂದು ಕೊರಡು ಸಾಲದೆ ಒಂದರ ಹಿಂದೆ ಒಂದು ಮೂರು ಕಟ್ಟಿ, ಇಯತ್ತೆಗೆ, ಅಂದರೆ ತರಗತಿಗೆ, ಒಂದರಂತೆ ಹಂಚಿದರು. ಎತ್ತು ಎರಡು ಜೋಡಿಯಾದವು. ಕಷ್ಟ ಒಂದೇ: ಶಾಲೆ ಬಂದರೂ ಯಾರೂ ಇಳಿಯುತ್ತಿರಲಿಲ್ಲ. "ಇನ್ನೊಂದ್ ಸರ್ತಿ, ಮಾಸ್ತರ!" ಎಂದು ಕೂಗುತ್ತಿದ್ದರು. ದಿನವೂ ಎಳೆದು ಇಳಿಸಿ ಸಾಕಾಗಿ, ಮಾಸ್ತರರು ಕರಿಹಲಗೆಯನ್ನು ಗಾಡಿಯ ಹಿಂಬದಿಗೆ ಕಟ್ಟಿ, ತಾವು ಗಾಡಿಯಲ್ಲಿ ಹಿಂದುಮುಖವಾಗಿ ಕುಳಿತು, ಬಿಬವೇವಾಡಿಯವರೆಗೆ ಹೋಗಿ ಬರುತ್ತಲೇ ಪಾಠ ಶುರು ಮಾಡಿದರು. ಪಾಠ ಚೆನ್ನಾಗಿಯೇ ಆಯಿತು. ಕೊರಡಿನ ಮೇಲೆ ತೂಕಡಿಸಿದವನು ಉರುಳಿ ಬೀಳುತ್ತಿದ್ದನಾದ್ದರಿಂದ ಯಾರೂ ತೂಕಡಿಸುತ್ತಿರಲಿಲ್ಲ. ಮಗ್ಗಿ ಹೇಳುವ ದನಿಗೆ ಎತ್ತುಗಳು ಹೆಜ್ಜೆ ಹಾಕುವುದನ್ನು ಕಲಿತವು. ಹದಿಮೂರರ ಮಗ್ಗಿಯಲ್ಲಿ ಮಕ್ಕಳ ಜೊತೆ ಅವೂ ತಡವರಿಸುತ್ತಿದ್ದವು.

ತಪಾಸಣೆಯ ದಿನ ಶಿಕ್ಷಣ ಖಾತೆಯ ಸಾಹೇಬರು ಟಾಂಗಾ ಮಾಡಿಕೊಂಡು ನೇರ ಶಾಲೆಗೆ ಹೋದರು. ಬಾಗಿಲು ತೆಗೆದರೆ ಒಳಗೆ ಉಳ್ಳಾಗಡ್ಡಿ. ವಖಾರಿ ಖಾಲಿ ಬಿದ್ದಿದೆ ಎಂದು ಬಿಬವೇವಾಡಿಯ ರೈತರು ಮಾಡಿನವರೆಗೆ ತುಂಬಿಬಿಟ್ಟಿದ್ದರು. ಸಾಹೇಬರು ಕಣ್ಣೊರೆಸಿಕೊಳ್ಳುತ್ತ ಹೊರಬರುವ ಹೊತ್ತಿಗೆ ಮೂರು ಇಯತ್ತೆಯ ಮೆರವಣಿಗೆ ಹದಿನೇಳರ ಮಗ್ಗಿ ಹೇಳುತ್ತ ಬಂದು ನಿಂತಿತು.

ಮಾಸ್ತರರು ಗಾಡಿಯಿಂದ ಇಳಿದು ಕೈಮುಗಿದರು. "ಎಲ್ಲಾ ಮಕ್ಕಳು ಬಂದಾವ್ರಿ, ಸಾಹೇಬ್ರ. ಎಣಿಸಿಕೊಳ್ರಿ."

"ಎಣಿಸೂದಕ್ಕ ಏನೂ ಅಡ್ಡಿಯಿಲ್ಲರಿ" ಎಂದರು ಸಾಹೇಬರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ನಿಯಮ ಇತ್ತು. "ಆದರ ಶಾಲೆ ಅಂದರ ಗೋಡೆಯೊಳಗಿರೂದು. ಗೋಡೆಯೊಳಗ ನಾನು ನೋಡಿದ್ದು ಉಳ್ಳಾಗಡ್ಡಿ. ಇವು ದಾರಿ ಮ್ಯಾಲ ಹೊಂಟ ಹುಡುಗರು. ಮುಚ್ಚದ ಬ್ಯಾರೆ ಗತಿ ಇಲ್ಲ."

ಮಾಸ್ತರರು ಹಾಜರಿ ಪುಸ್ತಕ ತೆಗೆದು ಮುಂದೆ ಹಿಡಿದರು. ಅಷ್ಟರಲ್ಲಿ ಸೈಕಲ್ ಮೇಲೆ ಭುಜಂಗರಾಯರು ಬಂದರು. ಮುಖ ಬೆವೆತಿತ್ತು.

"ಮಾಸ್ತರ, ಇದೇನ್ ಮಾಡೀರಿ! ನಮ್ಮ ದಾರಿ ಸಪಾಟ ಆಗೇದ!"

"ನಿಮ್ಮದಲ್ಲ ಅಂದಿದ್ರಲ್ಲರಿ?"

"ಕೆಟ್ಟಿದ್ದಾಗ ಅಲ್ಲರಿ. ಸಪಾಟ ಆದಮ್ಯಾಲ ನಮ್ಮದ. ಬ್ಯಾರೆ ಯಾರು ಸಪಾಟ ಮಾಡ್ತಾರ? ನಾಳೆ ಮ್ಯಾಲಿನವರು ಯಾವ ಯಂತ್ರ ಹಚ್ಚಿದ್ರಿ ಅಂತ ಕೇಳಿದ್ರ ಏನ್ ಹೇಳ್ಲಿ? ತಾನ ಆತು ಅಂದ್ರ ಉಳದ ದಾರಿನೂ ತಾನ ಆಗಲಿ ಅಂತಾರ. ನನ್ನ ನೌಕರಿ ಹೋಗತದ."

ಅವರು ಕೊರಡಿನ ಸುತ್ತ ಎರಡು ಸಲ ತಿರುಗಿದರು. ಎತ್ತು ನೋಡಿದರು, ಹಗ್ಗ ಜಗ್ಗಿದರು, ಮೂರನೆಯ ಇಯತ್ತೆಯ ಒಬ್ಬ ಹುಡುಗನನ್ನು ಎತ್ತಿ ಇಳಿಸಿದರು.

"ಯಂತ್ರ ಅಂದ್ರ ಇದ ನೋಡ್ರಿ! ಇವು ಭಾರ. ನೀವು ಚಾಲಕರು. ವಖಾರಿ ಯಂತ್ರ ನಿಲ್ಲಸೂ ಜಾಗ. ನಾನು ಬರಕೋತೀನಿ. ಬಾಡಿಗಿ, ಪಗಾರ ನಮ್ಮ ಕಚೇರಿಯಿಂದ. ಆದ್ರ ಭಾರ ಕಡಿಮಿ ಆಗಬಾರದು."

ಮಾಸ್ತರರು ಸಾಹೇಬರ ಕಡೆ ನೋಡಿದರು. ಸಾಹೇಬರ ಮುಖದ ಮೇಲೆ ದೊಡ್ಡ ಸಮಾಧಾನ ಕಾಣಿಸಿಕೊಂಡಿತ್ತು. "ಚಲೋ ಆತ್ರಿ. ಶಾಲೆನ ಅಲ್ಲ ಅಂದಮ್ಯಾಲ ಮುಚ್ಚೂ ಪ್ರಶ್ನೆ ಬರಂಗಿಲ್ಲ" ಎಂದು ಟಾಂಗಾ ಹತ್ತಿದರು. ಟಾಂಗಾ ಸ್ವಲ್ಪವೂ ಅಲುಗದೆ ಹೋಯಿತು.

ಅಂದಿನಿಂದ ಶಾಲೆ ರಸ್ತೆ ಕಚೇರಿಯ ಸಾಮಾನಾಯಿತು. ತಿಂಗಳಿಗೊಮ್ಮೆ ಭುಜಂಗರಾಯರು ಬಂದು ಉಳ್ಳಾಗಡ್ಡಿ ತೂಗುವ ತಕ್ಕಡಿಯಲ್ಲಿ ಮಕ್ಕಳನ್ನು ತೂಗುತ್ತಿದ್ದರು. ಸೊರಗಿದ ಮಕ್ಕಳಿಗಾಗಿ ಕೃಷಿ ಕಚೇರಿಯಿಂದ ಶೇಂಗಾ ಬರತೊಡಗಿತು. ಗೋದಾಬಾಯಿ ಬೆಲ್ಲ ಹಾಕಿ ಉಂಡಿ ಕಟ್ಟಿಕೊಡುತ್ತಿದ್ದರು. ಇದ್ದ ಮಕ್ಕಳಲ್ಲೆಲ್ಲ ಓದಿನಲ್ಲಿ ಜಾಣೆ ಕಲ್ಲವ್ವ. ತೂಕದಲ್ಲಿ ಅವಳಷ್ಟು ಹಗುರ ಇನ್ನಾರೂ ಇರಲಿಲ್ಲ.

"ಈ ಹುಡುಗಿ ಭಾರದಾಗ ಬರಂಗಿಲ್ಲರಿ, ಮಾಸ್ತರ" ಎಂದರು ಭುಜಂಗರಾಯರು.

"ನಾ ಓದಿದ್ದೆಲ್ಲಾ ಕೂಡಿಸಿ ತೂಗ್ರಿ, ಕಾಕಾ" ಎಂದಳು ಕಲ್ಲವ್ವ.

ಭುಜಂಗರಾಯರು ಪ್ರಾಮಾಣಿಕ ಮನುಷ್ಯ. ತಕ್ಕಡಿಯ ಮುಳ್ಳಿನ ಹತ್ತಿರ ಬಗ್ಗಿ, ಇನ್ನೊಂದು ಸಲ ನೋಡಿದರು. "ಕೂಡಿಸಿ ನೋಡೀನವ್ವಾ. ಮುಳ್ಳು ಅಳ್ಳಾಡಂಗಿಲ್ಲ." ಕೊನೆಗೆ ಅವಳ ಪಾಟಿಚೀಲದಲ್ಲಿ ಎರಡು ಇಟ್ಟಿಗೆ ಇಟ್ಟು ಅವಳನ್ನು ಉಳಿಸಿಕೊಂಡರು.

ಹೀಗೆ ಚಳಿಗಾಲ ಕಳೆಯಿತು. ದಾರಿ ದಿನದಿನಕ್ಕೆ ನುಣುಪಾಗುತ್ತ ಹೋಯಿತು. ಕ್ಯಾಂಪಿನ ಜನ ಸಂಜೆ ಅಲ್ಲಿಗೆ ತಿರುಗಾಡಲು ಬರತೊಡಗಿದರು. ಫೆಬ್ರುವರಿಯಲ್ಲಿ ಭುಜಂಗರಾಯರು ದಾರಿಯ ಮೇಲೆ ಒಂದು ಗೋಲಿ ಇಟ್ಟರು. ಗೋಲಿ ಉರುಳಲಿಲ್ಲ. ಅವರು ನಿಟ್ಟುಸಿರು ಬಿಟ್ಟರು.

"ಕೆಲಸ ಮುಗೀತ್ರಿ, ಮಾಸ್ತರ. ಕೆಲಸ ಮುಗಿದ ಯಂತ್ರ ಲಿಲಾವಿಗೆ ಹಾಕಿ ಮಾರಬೇಕು. ತಿಂಗಳ ಕಡೀಗೆ."

"ಮಕ್ಕಳನ್ನ ಲಿಲಾವು ಮಾಡ್ತೀರೇನ್ರಿ?"

"ಛೆ, ಛೆ! ಭಾರ ವಾಪಸ್ ಕೊಡ್ತೀವಿ. ಕೊರಡು, ಹಲಿಗಿ, ಹಾಜರಿ ಪುಸ್ತಕ ಎಲ್ಲಾ ಹೋಗತಾವ."

ಶಾಲೆ ಮತ್ತೆ ಮುಚ್ಚುವುದಕ್ಕೆ ಬಂದಿತ್ತು. ಹೋದ ಸಲ ದಾರಿ ಕೆಟ್ಟದ್ದಕ್ಕೆ, ಈ ಸಲ ದಾರಿ ಚಲೋ ಆದದ್ದಕ್ಕೆ. ಮಾಸ್ತರರು ಮನೆಗೆ ಬಂದು ಗೋದಾಬಾಯಿಗೆ ಹೇಳಿದರು.

"ಅಷ್ಟ ಅಲ್ಲ? ಕೆಡಸ್ರಿ" ಎಂದರು ಗೋದಾಬಾಯಿ, ಶೇಂಗಾ ಹುರಿಯುತ್ತಲೇ.

"ಏ, ಏನ್ ಮಾತಾಡ್ತಿ! ನಾನ ಸಪಾಟ ಮಾಡಿದ ದಾರಿ ಅದು."

"ದಾರಿ ಇಟಗೊಂಡು ಏನ್ ಮಾಡ್ತೀರಿ? ಅದರ ಮ್ಯಾಲ ಯಾರು ಹೋಗವರು?"

ಮಾಸ್ತರರು ಒಪ್ಪಲಿಲ್ಲ. ಗೋದಾಬಾಯಿಯ ಮಾತು ಕೇಳಿದ ಮಕ್ಕಳ ತಂದೆಯರು ಒಪ್ಪಿದರು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಮಿಲಿಟರಿ ಲೆಕ್ಕದ ಕಚೇರಿಯ ಕಾರಕೂನರು ಕೋಟು, ಕರಿ ಟೊಪ್ಪಿಗೆ ಹಾಕಿಕೊಂಡು, ಗುದ್ದಲಿ ಹೊತ್ತು ದಾರಿಗೆ ಬಂದರು. ಜೀವನದಲ್ಲಿ ಬರೆಯುವ ಲೆಕ್ಕಣಿಕೆ ಬಿಟ್ಟು ಬೇರೇನೂ ಹಿಡಿದವರಲ್ಲ. ಆದರೂ ಹಗ್ಗ ಹಿಡಿದು, ಅಂತರ ನೋಡಿ, ಅಚ್ಚುಕಟ್ಟಾಗಿ ಚೌಕ ಚೌಕ ತಗ್ಗು ತೋಡಿದರು. ಕಚೇರಿಯ ಹೊತ್ತಿಗೆ ಕೈ ತೊಳೆದುಕೊಂಡು ಹೋದರು. ಮಾಸ್ತರರು ದೂರ ನಿಂತು ನೋಡಿದರು. ಪ್ರತಿಯೊಂದು ಪೆಟ್ಟೂ ತಮ್ಮ ಬೆನ್ನಿಗೇ ಬಿದ್ದ ಹಾಗೆ ಅವರಿಗೆ ಅನಿಸಿತು.

ಶಾಲೆಯ ಹೊತ್ತಿಗೆ ಕೊರಡು ಬಂತು. ಮಕ್ಕಳು ಒಂದೇ ಸುತ್ತಿನಲ್ಲಿ ತಂದೆಯರ ಕೆಲಸವನ್ನೆಲ್ಲ ಸಪಾಟ ಮಾಡಿ ಕೇಕೆ ಹಾಕಿದರು. ಮರುದಿನ ತಂದೆಯರು ಮತ್ತೆ ತೋಡಿದರು. ಮಕ್ಕಳು ಮತ್ತೆ ಮುಚ್ಚಿದರು. ಮನೆಗಳಲ್ಲಿ ಅಪ್ಪ ಮಕ್ಕಳು ಊಟಕ್ಕೆ ಕುಳಿತಾಗ ಒಬ್ಬರ ಮುಖ ಒಬ್ಬರು ನೋಡುವುದು ಕಡಿಮೆಯಾಯಿತು.

ಮೂರನೆಯ ದಿನ ಭುಜಂಗರಾಯರು ಬೆಳಿಗ್ಗೆಯೇ ಬಂದುಬಿಟ್ಟರು. ಗುದ್ದಲಿಗಳು ಗಾಳಿಯಲ್ಲೇ ನಿಂತವು. ಹಿರಿಯ ಕಾರಕೂನರೊಬ್ಬರು ಟೊಪ್ಪಿಗೆ ತೆಗೆದರು. ಮಾಸ್ತರರು ಮುಂದೆ ಬಂದು, "ತಪ್ಪು ನನ್ನದರಿ" ಎಂದರು.

ಭುಜಂಗರಾಯರು ತಗ್ಗುಗಳನ್ನು ಒಂದೊಂದಾಗಿ ನೋಡುತ್ತ ದಾರಿಯ ಉದ್ದಕ್ಕೂ ನಡೆದು ವಾಪಸು ಬಂದರು.

"ಫೆಬ್ರುವರಿಯೊಳಗ ದಾರಿ ಯಾಕ ಕೆಟ್ಟಿತು ಅಂತ ನಾ ಬರೀಬೇಕಲ್ರಿ. ಕಾರಕೂನರು ಕೆಡಿಸಿದ್ರು ಅಂತ ಬರಿಯೂ ಜಾಗ ಇಲ್ಲ. ಮಳಿ ಅಂತ ಬರಿಯೂ ಜಾಗ ಅದ." ಅವರು ಟೊಪ್ಪಿಗೆ ಹಾಕಿದವರನ್ನೆಲ್ಲ ಒಮ್ಮೆ ನೋಡಿದರು. "ನಿಮ್ಮನ್ನ ಮಳಿ ಅಂತ ಬರಕೋತೀನಿ. ಆದ್ರ ಮಳಿ ಚೌಕ ತಗ್ಗು ತೋಡಂಗಿಲ್ಲರಿ. ಗುಂಡಗ ತೋಡ್ರಿ. ಒಂದ ಸಾಲಿನಾಗ ಬ್ಯಾಡ. ದಿನಾ ಬರ್ರಿ. ಈ ಕಡೆ ಮಳಿ ಜಾಸ್ತಿ ಅಂದ್ರ ಯಂತ್ರ ಖಾಯಂ ಇಡ್ತಾರ."

ಕಾರಕೂನರು ಅಂದು ಹಗುರಾಗಿ ಕಚೇರಿಗೆ ಹೋದರು. ವಾರದಲ್ಲಿ ಅಪ್ಪಣೆ ಬಂತು: ಆ ದಾರಿಯನ್ನು ಮಟ್ಟ ಮಾಡುವ ಯಂತ್ರ ಖಾಯಂ. ಗೋದಾಬಾಯಿ ದೇವರ ಮುಂದೆ ಸಕ್ಕರೆ ಇಟ್ಟರು. ಮಾಸ್ತರರು ಮಾತ್ರ ಆ ದಿನವೂ ಗುದ್ದಲಿ ಮುಟ್ಟಲಿಲ್ಲ. ಅವರನ್ನು ಕಾಡುತ್ತಿದ್ದದ್ದು ಈಗ ಬೇರೆ. ತಂದೆಯರು ಸಿಕ್ಕಸಿಕ್ಕಲ್ಲಿ ತೋಡುತ್ತಿದ್ದರು. ಮೊದಲನೆಯ ಇಯತ್ತೆಯ ಪಾಠದ ಹೊತ್ತಿಗೆ ದೊಡ್ಡ ಗುಂಡಿ ಎದುರಾಗಿ, ಎರಡರ ಮಗ್ಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಮೂರನೆಯವರ ಪಾಠದ ಹೊತ್ತಿಗೆ ಏನೂ ಇಲ್ಲದ ಕಡೆ ಕೊರಡು ಸುಮ್ಮನೆ ಜಾರಿ ಹೋಗಿ, ಲೆಕ್ಕ ಮುಗಿಯುವ ಮೊದಲೇ ಬಿಬವೇವಾಡಿ ಬಂದುಬಿಡುತ್ತಿತ್ತು. ಹೀಗಾದರೆ ಮಕ್ಕಳು ಕಲಿಯುವುದು ಯಾವಾಗ?

ಸೋಮವಾರ ಬೆಳಿಗ್ಗೆ ಅವರು ಸುಣ್ಣದ ಬುಟ್ಟಿ ಹಿಡಿದು ದಾರಿಗೆ ಬಂದರು. ಯಾವ ಪಾಠಕ್ಕೆ ಎಲ್ಲಿ, ಎಷ್ಟು ಆಳ ಎಂದು ಗುರುತು ಹಾಕುತ್ತ ಹೋದರು. ತಂದೆಯರು ಆಯಾ ಗುರುತಿಗೆ ಹೋಗಿ ನಿಂತರು. ಕೊನೆಯ ಗುರುತಿಗೆ ಜನ ಸಾಲಲಿಲ್ಲ. ಮಾಸ್ತರರು ಸುತ್ತ ನೋಡಿ, ಧೋತರ ಎತ್ತಿ ಕಟ್ಟಿ, ಗುದ್ದಲಿ ತೆಗೆದುಕೊಂಡು ತಾವೇ ತೋಡತೊಡಗಿದರು. ಸಂತೆಗೆ ಹೊರಟಿದ್ದ ಈರಬಸಪ್ಪ ಗಾಡಿ ನಿಲ್ಲಿಸಿ ಬಗ್ಗಿ ನೋಡಿದ. ಮಾಸ್ತರರು ಮೊಣಕಾಲಿನವರೆಗೆ ಇಳಿದಿದ್ದರು.

"ಯಪ್ಪಾ, ಇಷ್ಟ್ ಆಳ ಯಾಕ್ರಿ, ಮಾಸ್ತರ?"

"ಭಾಗಾಕಾರ ಅದನೋ ಇದು" ಎಂದರು ಮಾಸ್ತರರು, ಬೆವರೊರೆಸಿಕೊಂಡು. "ಹುಡುಗರಿಗೆ ಭಾಳ ಕಠಿಣ ಹೋಗತದ. ಎಂಟು ದಿನ ಬೇಕು."